ಉತ್ತರ ಕೊಡಬೇಕಾದವರ ಮೌನ

ಹದಿನೈದು ದಿನ ಕೆಡದ ಟೊಮೆಟೊ ಕುಲಾಂತರಿ, ಬೀಜವಿಲ್ಲದ ಕಲ್ಲಂಗಡಿ ಕುಲಾಂತರಿ, ತಿಂದರೆ ಕ್ಯಾನ್ಸರ್ ಗ್ಯಾರಂಟಿ. ಬೆಂಗಳೂರಿನ ವೈಟ್‌ಫೀಲ್ಡ್‌ನಿಂದ ಪೀಣ್ಯದವರೆಗೆ ಮೊಬೈಲುಗಳಲ್ಲಿ ಹರಿದಾಡುವ ಈ ಮಾತು ಶುದ್ಧ ಸುಳ್ಳು. ದೇಶದ ರೈತರು ಬೆಳೆಯಲು ಒಪ್ಪಿಗೆ ಇರುವ ಕುಲಾಂತರಿ ಬೆಳೆ ಹತ್ತಿಯೊಂದೇ, ಅದೂ 2002ರಿಂದ. ತಳ್ಳುಗಾಡಿಯ ದಪ್ಪ ಸಿಪ್ಪೆಯ ‘ಫಾರಂ’ ಟೊಮೆಟೊ ಹೈಬ್ರಿಡ್. ಒಂದು ತಳಿಯ ಹೂವಿಗೆ ಇನ್ನೊಂದರ ಪರಾಗ ಮುಟ್ಟಿಸಿ ಪಡೆದದ್ದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಹುಟ್ಟಿದ್ದೂ ಹಾಗೆಯೇ.

ಇದನ್ನು ಜನರಿಗೆ ಹೇಳಬೇಕಾದವರು ದೂರದಲ್ಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಬಯೋಕಾನ್, ಜೀನ್ ಮಾರ್ಪಡಿಸಿದ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ನನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಟೊಮೆಟೊಗೆ ಹೆದರುವ ಮನೆಯ ಫ್ರಿಜ್ಜಿನ ಬಾಗಿಲಲ್ಲೇ ಅಂಥ ಇನ್ಸುಲಿನ್ ಸೀಸೆ ಇರುತ್ತದೆ. ಬೊಮ್ಮಸಂದ್ರದ ಮೆಟಾಹೆಲಿಕ್ಸ್ ಕಂಪನಿ ಸ್ವಂತ ಕುಲಾಂತರಿ ಹತ್ತಿಯನ್ನೇ, ಅಂದರೆ ಬಿಟಿ ಹತ್ತಿಯನ್ನೇ, ರೂಪಿಸಿತು. ಇಷ್ಟು ಬಲ್ಲವರ ನಡುವೆ ಸುಳ್ಳು ಬೆಳೆದಿದೆ ಎಂದರೆ ಅದು ವಿಜ್ಞಾನಿಗಳ ಕರ್ತವ್ಯಲೋಪ. ಇಂಗ್ಲಿಷ್ ವಿಚಾರಸಂಕಿರಣ ಇದಕ್ಕೆ ಪರಿಹಾರವಲ್ಲ.

ಮೌನಕ್ಕಿಂತ ದೊಡ್ಡ ತಪ್ಪುಗಳೂ ಇವೆ. 2010ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ಬಿಟಿ ಬದನೆಯನ್ನು ತಡೆಹಿಡಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ಆರು ಅಕಾಡೆಮಿಗಳು ಬದನೆಯ ಪರ ವರದಿ ಕೊಟ್ಟವು. ಅದರಲ್ಲಿ ಮೂಲ ಹೇಳದೆ ಎತ್ತಿಕೊಂಡ ವಾಕ್ಯಗಳು ಸಿಕ್ಕವು. ವರದಿಯನ್ನು ತಿದ್ದಿ ಬರೆಯಬೇಕಾಯಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಕೈಜೋಡಿಸಿದ್ದ ಸರ್ಕಾರಿ ಬಿಟಿ ಹತ್ತಿಯಲ್ಲಿ ಮಾನ್ಸಾಂಟೊ ಕಂಪನಿಯ ಜೀನ್ ಪತ್ತೆಯಾಗಿ ಅದರ ಮಾರಾಟವೇ ನಿಂತಿತು. ಯಾವ ವದಂತಿಯೂ ಮಾಡದಷ್ಟು ಹಾನಿಯನ್ನು ಈ ಎರಡು ಪ್ರಕರಣಗಳು ಮಾಡಿವೆ.

ಇನ್ನೊಂದು ಮಾತು. 1998ರಲ್ಲಿ ರಾಯಚೂರಿನ ಸೀಮೆಯಲ್ಲಿ ಪ್ರಯೋಗದ ಬಿಟಿ ಹತ್ತಿಗೆ ಬೆಂಕಿ ಹಚ್ಚಿದ ರೈತಸಂಘವನ್ನು ವದಂತಿಕೋರರ ಸಾಲಿಗೆ ಸೇರಿಸಬಾರದು. ಬೆಳೆ ಸುಟ್ಟದ್ದನ್ನು ನಾವು ಒಪ್ಪುವುದಿಲ್ಲ. ಆದರೆ ಬೀಜ ಯಾರ ಕೈಯಲ್ಲಿರಬೇಕು ಎಂಬ ಅವರ ಪ್ರಶ್ನೆ ಸುಳ್ಳಲ್ಲ. ಅದಕ್ಕೆ ಪ್ರಯೋಗಾಲಯದ ಅಂಕಿಅಂಶ ಉತ್ತರವೂ ಅಲ್ಲ.

ಹಾಗಾಗಿ ವಿಜ್ಞಾನಿಗಳು ಕನ್ನಡದಲ್ಲಿ, ತಮ್ಮ ಹೆಸರು ಹಾಕಿ, ಪೂರ್ತಿ ಹೇಳಬೇಕು. ಬಿಟಿ ಹತ್ತಿಬೀಜದ ಎಣ್ಣೆ ನಮ್ಮ ಅಡುಗೆಗೂ ಹಿಂಡಿ ಹಸುವಿನ ಬಾನಿಗೂ ಸೇರುತ್ತದೆ ಎಂಬುದನ್ನು ಮುಚ್ಚಿಡಬಾರದು. ಗುಲಾಬಿ ಕಾಯಿಕೊರಕ ಹುಳು ಈಗ ಬಿಟಿ ಹತ್ತಿಗೆ ಜಗ್ಗುತ್ತಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಧಾರವಾಡದ ಹತ್ತಿಯಲ್ಲಿ ಆದದ್ದೇನು ಎಂಬ ತನಿಖಾ ವರದಿಯನ್ನು ರೈತರು ಓದುವ ಕನ್ನಡದಲ್ಲಿ ಅಚ್ಚು ಹಾಕುವುದರಿಂದ ಈ ಕೆಲಸ ಶುರುವಾಗಲಿ.