ಬಿಸಿಯೂಟ ಬಂತು, ಉಣ್ಣೋ ಹೊತ್ತು ಬರಲಿಲ್ಲ

ಮಧ್ಯಾಹ್ನದ ಗಂಟೆ ಢಣ್ ಅಂದಿತೋ ಇಲ್ಲವೋ, ತುಮಕೂರು ಜಿಲ್ಲೆಯ ಎಷ್ಟೋ ಸರಕಾರಿ ಶಾಲೆಗಳ ಅಂಗಳದಲ್ಲಿ ಒಂದು ಸಣ್ಣ ಕುರುಕ್ಷೇತ್ರವೇ ಶುರುವಾಗುತ್ತದೆ. ತಟ್ಟೆಗಳ ಸದ್ದು, ನೂಕುನುಗ್ಗಲು, ಕಿರುಚಾಟ. ಏಳನೇ ಕ್ಲಾಸಿನ ದಾಂಡಿಗರು ಮುಂದೆ, ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳು ಹಿಂದೆ. ನೆತ್ತಿ ಸುಡುವ ಬಿಸಿಲಲ್ಲಿ ನಿಂತು ನಿಂತು ಆ ಪುಟ್ಟ ಮಗುವಿನ ಸರದಿ ಬರುವ ಹೊತ್ತಿಗೆ ಅನ್ನ ಆರಿರುತ್ತದೆ, ಸಾಂಬಾರಿನಲ್ಲಿದ್ದ ತರಕಾರಿ ಮುಗಿದಿರುತ್ತದೆ. ಉಳಿದಿದ್ದು ತಿಳಿನೀರು. ಗೋಡೆಗೆ ಒರಗಿ ನಾಲ್ಕು ತುತ್ತು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಗಂಟೆ!

ಇದಕ್ಕೆ ಹೆಸರು ಅಕ್ಷರ ದಾಸೋಹ.

ಯೋಜನೆ ಕೆಟ್ಟದ್ದೆಂದು ಯಾರೂ ಹೇಳುವ ಹಾಗಿಲ್ಲ. ಅರವತ್ತರ ದಶಕದಲ್ಲಿ ಶಾಲೆಗೆ ಹೋದ ಹಿರಿಯರಿಗೆ ಕೇರ್ ಸಂಸ್ಥೆಯ ಉಪ್ಪಿಟ್ಟು, ಹಾಲಿನ ಪುಡಿ ಇನ್ನೂ ನೆನಪಿದೆ. ಅದು ಇದ್ದ ಕಡೆ ಇತ್ತು, ಇಲ್ಲದ ಕಡೆ ಇಲ್ಲ. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರ ಯೋಜನೆ ಆರಂಭಿಸಿದಾಗ ಬಹಳ ಕಡೆ ಸಿಕ್ಕಿದ್ದು ಊಟವಲ್ಲ, ತಿಂಗಳಿಗೆ ಮೂರು ಕಿಲೋ ಧಾನ್ಯ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಿ ಎಂದು ಆಜ್ಞೆ ಮಾಡಿದ ಮೇಲೆ ಸರಕಾರಗಳಿಗೆ ಎಚ್ಚರವಾಯಿತು. ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಒಲೆ ಹತ್ತಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು.

ಆಮೇಲೆ ಸರಕಾರ ಕೊಡುತ್ತಲೇ ಹೋಗಿದೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯ. ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಹಾಲು. 2021ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊಟ್ಟೆ, ನಂತರ ರಾಜ್ಯಕ್ಕೆಲ್ಲ. ಮೊದಲು ವಾರಕ್ಕೆ ಒಂದೆರಡು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕೈಜೋಡಿಸಿದ ಮೇಲೆ ವಾರಕ್ಕೆ ಆರು. ಅದೇ ವರ್ಷ ರಾಗಿ ಮಾಲ್ಟ್ ಕೂಡ ಬಂತು. ರಾಗಿ ಸೀಮೆಯ ಮಕ್ಕಳಿಗೆ ರಾಗಿ ಸಿಗಲು ಇಪ್ಪತ್ತು ವರ್ಷ ಹಿಡಿಯಿತು ಅನ್ನುವುದು ಬೇರೆ ಮಾತು.

ಹಾಗಾದರೆ ಕೊರತೆ ಎಲ್ಲಿ? ಉಗ್ರಾಣದಲ್ಲಲ್ಲ. ಒಲೆಯಿಂದ ತಟ್ಟೆಗೆ ಹತ್ತು ಹೆಜ್ಜೆ ದೂರ. ಆ ಹತ್ತು ಹೆಜ್ಜೆಯಲ್ಲಿ ಎಡವುತ್ತಿರುವುದೇ ಎಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋ ಗಾದೆ ಸುಮ್ಮನೆ ಹುಟ್ಟಿಲ್ಲ.

ಕೈಗೆ ನೀರಿಲ್ಲ

ಮೊದಲನೆಯದು ಕೈ ತೊಳೆಯುವ ವಿಚಾರ. ಇನ್ನೂರು ಮಕ್ಕಳಿಗೆ ಒಂದೋ ಎರಡೋ ನಲ್ಲಿ. ಅದರಲ್ಲಿ ಒಂದು ಕೆಟ್ಟಿರುತ್ತದೆ. ಒಂದು ಮಗುವಿಗೆ ಅರ್ಧ ನಿಮಿಷ ಅಂದರೂ ಒಂದು ನಲ್ಲಿಯಲ್ಲಿ ಇನ್ನೂರು ಮಕ್ಕಳ ಕೈ ತೊಳೆಯಲು ನೂರು ನಿಮಿಷ ಬೇಕು! ಊಟದ ಬಿಡುವೇ ಅಷ್ಟು ಇಲ್ಲ. ಹೀಗಾಗಿ ಮಣ್ಣಾಡಿದ ಕೈಯನ್ನೇ ಚಡ್ಡಿಗೋ ಲಂಗಕ್ಕೋ ಒರೆಸಿಕೊಂಡು ಮಕ್ಕಳು ಅನ್ನ ಕಲೆಸುತ್ತಾರೆ. ಒಂದು ಕಡೆ ಆರೋಗ್ಯ ಇಲಾಖೆ ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ ನುಂಗಿಸುತ್ತದೆ. ಇನ್ನೊಂದು ಕಡೆ ಅದೇ ಶಾಲೆಯಲ್ಲಿ ಅದೇ ಹುಳ ಮತ್ತೆ ಹೊಟ್ಟೆಗೆ ಹೋಗುತ್ತದೆ. ಇದೆಂಥ ಲೆಕ್ಕ?

ಇದಕ್ಕೆ ವಿಧಾನಸೌಧದ ಆರ್ಡರು ಬೇಕಿಲ್ಲ. ಒಂದು ಉದ್ದನೆಯ ಪೈಪು, ಅದಕ್ಕೆ ಹತ್ತು ನಲ್ಲಿ, ಮೇಲೊಂದು ಟ್ಯಾಂಕು, ಬಲೆಚೀಲದಲ್ಲಿ ಕಟ್ಟಿದ ಸೋಪು. ಊರಿನ ಪ್ಲಂಬರ್ ಒಂದು ದಿನದಲ್ಲಿ ಮಾಡಿ ಮುಗಿಸುತ್ತಾನೆ. ತೊಳೆದ ನೀರು ಹರಿಯುವ ಕಡೆ ಎರಡು ನುಗ್ಗೆ ಗಿಡ, ಒಂದು ಪಾತಿ ದಂಟಿನ ಸೊಪ್ಪು ಹಾಕಿದರೆ ಸಾರಿಗೂ ಆಯಿತು. ಪಾವಗಡದ ಕಡೆ ಮಾತ್ರ ಇನ್ನೊಂದು ಕಷ್ಟವಿದೆ. ಅಲ್ಲಿನ ಅಂತರ್ಜಲದಲ್ಲಿ ಫ್ಲೋರೈಡು. ಕೈ ತೊಳೆಯಲು ಬೋರಿನ ನೀರು ನಡೆದೀತು. ಬೇಳೆ ಬೇಯಿಸಲು, ಹಾಲು ಕಲೆಸಲು ನಡೆಯದು. ಅಡುಗೆ ಮನೆಗೆ ಶುದ್ಧ ನೀರು ಬರುತ್ತಿದೆಯೇ ಎಂದು ದಿನವೂ ನೋಡುವ ಕಣ್ಣು ಬೇಕು.

ರುಚಿ ನೋಡಿದ್ದು ಪುಸ್ತಕದಲ್ಲಿ

ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರೊಬ್ಬರು ಊಟದ ರುಚಿ ನೋಡಲೇಬೇಕು. ಇದು ದಾಕ್ಷಿಣ್ಯದ ಮಾತಲ್ಲ, 2015ರ ನಿಯಮ. ಇಂಥ ನಿಯಮದ ಬೆಲೆ ಏನೆಂಬುದನ್ನು ಬಿಹಾರದ ಸಾರಣ್ ಜಿಲ್ಲೆ ತೋರಿಸಿಕೊಟ್ಟಿದೆ. 2013ರ ಜುಲೈನಲ್ಲಿ ಅಲ್ಲಿನ ಹಳ್ಳಿ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತರು. ಒಂದೇ ಒಂದು ತುತ್ತು ದೊಡ್ಡವರ ನಾಲಿಗೆಗೆ ಮೊದಲು ತಾಗಿದ್ದರೆ ಆ ಮಕ್ಕಳ ತಟ್ಟೆಗೆ ಆ ಊಟ ಬೀಳುತ್ತಿತ್ತೇ?

ಇಲ್ಲಿ ಏನಾಗುತ್ತಿದೆ? ರುಚಿ ನೋಡುವ ರಿಜಿಸ್ಟರ್ ಇದೆ. ಸಹಿ ಇದೆ. ಎಷ್ಟೋ ಕಡೆ ಸೋಮವಾರವೇ ಶನಿವಾರದವರೆಗಿನ ಸಹಿ ಬಿದ್ದಿರುತ್ತದೆ! ಶುಕ್ರವಾರದ ಸಾಂಬಾರು ಚೆನ್ನಾಗಿತ್ತು ಎಂದು ಸೋಮವಾರವೇ ಹೇಳಬಲ್ಲ ಮೇಷ್ಟ್ರು ಜ್ಯೋತಿಷ್ಯ ಹೇಳುವುದು ಒಳ್ಳೆಯದು.

ಮೇಷ್ಟ್ರುಗಳ ಕಡೆಯಿಂದಲೂ ಒಂದು ಮಾತಿದೆ. ಅದನ್ನು ತಳ್ಳಿಹಾಕುವಂತಿಲ್ಲ. 'ಪಾಠ ಮಾಡೋಕೆ ಬಂದಿದ್ದೀವೋ, ಮೊಟ್ಟೆ ಎಣಿಸೋಕೆ ಬಂದಿದ್ದೀವೋ?' ಎನ್ನುತ್ತಾರೆ. ಮೊಟ್ಟೆಯೊಂದಕ್ಕೆ ಸರಕಾರದ ಲೆಕ್ಕ 6 ರೂಪಾಯಿ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಅದರಲ್ಲೇ ಎಂದು ಆರಂಭದಲ್ಲಿ ಕಟ್ಟಿದ ದರ. ಅಂಗಡಿಯಲ್ಲಿ ಬೆಲೆ ಏರಿದ ದಿನ ಮೇಲಿನ ದುಡ್ಡು ಹೆಡ್‌ಮಾಸ್ತರ ಜೇಬಿನಿಂದ. ತರಕಾರಿ ಹಣ ತಡವಾದರೆ ಸಂತೆಯಲ್ಲಿ ಸಾಲ ಹೇಳಬೇಕಾದವರೂ ಅವರೇ. ಹಣವನ್ನು ಹೊತ್ತಿಗೆ ಸರಿಯಾಗಿ ಕಳಿಸದ ಮೇಲಧಿಕಾರಿಗೆ ಕೆಳಗಿನವರ ರಿಜಿಸ್ಟರ್ ತಪಾಸಣೆ ಮಾಡುವ ಮುಖ ಎಲ್ಲಿಂದ ಬರಬೇಕು?

ಲೆಕ್ಕ ಎಲ್ಲರಿಗೂ ಗೊತ್ತಾಗಲಿ

ಊರಿನ ತಂದೆತಾಯಂದಿರು ಒಂದು ಲೆಕ್ಕವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟರವರೆಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಏಳೂವರೆ ಗ್ರಾಂ ಎಣ್ಣೆ. ಅಂದರೆ ನೂರು ಸಣ್ಣ ಮಕ್ಕಳಿರುವ ಶಾಲೆಯಲ್ಲಿ ದಿನಕ್ಕೆ ಎರಡು ಕಿಲೋ ಬೇಳೆ, ಐದು ಕಿಲೋ ತರಕಾರಿ ತಪ್ಪಲೆಗೆ ಬೀಳಲೇಬೇಕು. ಐದು ಕಿಲೋ ತರಕಾರಿ ಬಿದ್ದ ಸಾಂಬಾರಿನಲ್ಲಿ ಸೌಟು ನಿಲ್ಲುತ್ತದೆ. ಸೌಟು ಈಜುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ.

ಅಕ್ಕಿ ಬಿಟ್ಟು ಮಿಕ್ಕ ಸಾಮಾನಿಗೆ, ಒಲೆಯ ಖರ್ಚಿಗೆ ಕೇಂದ್ರ ಕಟ್ಟಿರುವ ದರ ಪ್ರೈಮರಿ ಮಗುವಿಗೆ 2025ರ ಮೇ ತಿಂಗಳಿಂದ 6 ರೂಪಾಯಿ 78 ಪೈಸೆ. ಮೇಲಿನ ತರಗತಿಗೆ 10 ರೂಪಾಯಿ 17 ಪೈಸೆ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿಯಲು ಸಾಲದ ದುಡ್ಡಿನಲ್ಲಿ ಒಂದು ಮಗುವಿನ ಬೇಳೆ, ತರಕಾರಿ, ಎಣ್ಣೆ! ಇಷ್ಟು ಕಡಿಮೆ ಹಣದಲ್ಲಿ ಒಂದು ಪೈಸೆ ಸೋರಿದರೂ ಅದು ಮಗುವಿನ ಹೊಟ್ಟೆಯಿಂದಲೇ ಹೋಗಬೇಕು.

ಶಾಲೆಯ ಗೋಡೆ ಮೇಲೆ ವಾರದ ಊಟದ ಪಟ್ಟಿ ಬಣ್ಣದಲ್ಲಿ ಬರೆದಿರುತ್ತದೆ. ನೋಡಲು ಚೆಂದ. ಅದರ ಪಕ್ಕ ಒಂದು ಕರಿಹಲಗೆ ತೂಗುಹಾಕಿ, 'ಇಂದು ಮಕ್ಕಳು ಇಷ್ಟು, ಬೇಳೆ ಇಷ್ಟು, ತರಕಾರಿ ಇಷ್ಟು, ಮೊಟ್ಟೆ ಇಷ್ಟು' ಎಂದು ಸೀಮೆಸುಣ್ಣದಲ್ಲಿ ದಿನವೂ ಬರೆಯಲಿ. ತೂಕ ಹಾಕುವ ಕೆಲಸ ದೊಡ್ಡ ಕ್ಲಾಸಿನ ಮಕ್ಕಳಿಗೆ ವಹಿಸಿ. ಅವರಿಗೆ ಗಣಿತವೂ ಬಂತು, ಊರಿಗೆ ಲೆಕ್ಕವೂ ಸಿಕ್ಕಿತು.

ಬಡಿಸುವ ಕೈಯನ್ನು ಕೇಳಿದವರುಂಟೇ?

ಇನ್ನು ಅಡುಗೆಯಮ್ಮಂದಿರು. ಹೆಚ್ಚಿನವರು ಊರಿನ ಬಡಮನೆಯ ಹೆಣ್ಣುಮಕ್ಕಳು, ಎಷ್ಟೋ ಜನ ಗಂಡನನ್ನು ಕಳಕೊಂಡವರು. ಇವರಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'. ಕೇಂದ್ರ 2009ರಲ್ಲಿ ಕಟ್ಟಿದ ದರ ತಿಂಗಳಿಗೆ ಒಂದು ಸಾವಿರ ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಮೇಲೆ ರಾಜ್ಯ ಸರಕಾರ ಸೇರಿಸಿ ಕೊಡುವುದರಿಂದ ಹೇಗೋ ಜೀವನ. ಬೆಳಿಗ್ಗೆ ಹಾಲು, ಆಮೇಲೆ ಅನ್ನ, ಸಾಂಬಾರು, ಮೊಟ್ಟೆ ಬೇಯಿಸಿ ಸುಲಿಯುವುದು, ಕೊನೆಗೆ ಪಾತ್ರೆ ಬೆಳಗುವುದು. ಸರಕಾರದ ಲೆಕ್ಕದಲ್ಲಿ ಇಪ್ಪತ್ತೈದು ಮಕ್ಕಳವರೆಗೆ ಒಬ್ಬರು, ನೂರರವರೆಗೆ ಇಬ್ಬರು. ನೂರು ಮೊಟ್ಟೆ ಸುಲಿದ ಕೈ, ಕುದಿಯುವ ತಪ್ಪಲೆ ಎತ್ತಿದ ಕೈ, ಸಾಲಾಗಿ ಕೂತ ಮಕ್ಕಳಿಗೆ ಓಡಾಡಿ ಬಡಿಸು ಎಂದರೆ ಎಲ್ಲಿಂದ ಬಡಿಸೀತು? 'ಒಂದ್ ಜೀವ ಎಷ್ಟು ಕಡೆ ಓಡ್ಬೇಕು ಸಾಮಿ' ಅನ್ನುವುದೇ ಎಲ್ಲ ಶಾಲೆಗಳಲ್ಲಿ ಸಿಗುವ ಉತ್ತರ. ಬಡಿಸುವ ಹೊತ್ತಿಗೆ ಇನ್ನೊಂದು ಜೊತೆ ಕೈ ಕೊಡದೆ ಇವರನ್ನು ಬೈಯುವುದು ನ್ಯಾಯವಲ್ಲ.

ಆ ಕೈ ಎಲ್ಲಿಂದ ಬರಬೇಕು? ಊರಿನಿಂದ. ಪ್ರತಿ ಶಾಲೆಗೂ ಎಸ್.ಡಿ.ಎಂ.ಸಿ. ಇದೆ. ಅಧ್ಯಕ್ಷಗಿರಿಗೆ ಪೈಪೋಟಿಯೂ ಇದೆ. ಸ್ವಾತಂತ್ರ್ಯ ದಿನದಂದು ಇಸ್ತ್ರಿ ಅಂಗಿ ಹಾಕಿ ಬಂದು ಭಾಷಣ ಬಿಗಿಯುವ ಈ ಮಹನೀಯರು ದಿನಕ್ಕಿಬ್ಬರು ತಾಯಂದಿರನ್ನು ಸರದಿಯಂತೆ ಕಳಿಸಲಿ. ತಾಯಿ ಎದುರಿಗಿದ್ದರೆ ಸಾಂಬಾರು ತಾನಾಗಿ ಗಟ್ಟಿಯಾಗುತ್ತದೆ. ಸಣ್ಣ ಮಕ್ಕಳಿಗೆ ಮೊದಲು, ದೊಡ್ಡವರಿಗೆ ಆಮೇಲೆ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣೋ ಚಿಕ್ಕಿಯೋ, ಎಲ್ಲರೂ ಒಂದೇ ಸಾಲಿನಲ್ಲಿ. ಮೊಟ್ಟೆಯವರ ಸಾಲು ಬೇರೆ, ಬಾಳೆಹಣ್ಣಿನವರ ಸಾಲು ಬೇರೆ ಎಂದು ಮಾಡಿದ ದಿನ ಅಕ್ಷರವೂ ಹೋಯಿತು, ದಾಸೋಹವೂ ಹೋಯಿತು.

ಕೂತು ಉಣ್ಣಲಿ

ದಾಸೋಹ ಅಂದರೆ ಏನೆಂದು ಈ ಜಿಲ್ಲೆಗೆ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಸಿದ್ಧಗಂಗೆಯ ಒಲೆ ಆರುವುದಿಲ್ಲ ಎಂಬುದು ನಾಡಿಗೇ ಗೊತ್ತಿರುವ ಮಾತು. ಸಾವಿರಾರು ಮಕ್ಕಳು ಅಲ್ಲಿ ಸಾಲಾಗಿ ಕೂತು, ಪ್ರಾರ್ಥನೆ ಹೇಳಿ, ಹೊಟ್ಟೆ ತುಂಬ ಉಂಡು ಏಳುತ್ತಾರೆ. 2019ರ ಜನವರಿ 21ರಂದು ಶಿವೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಸ್ಮರಣೆಗೆ ಸರಕಾರ ಆ ದಿನವನ್ನೇ ದಾಸೋಹ ದಿನ ಎಂದು ಸಾರಿದೆ. ವರ್ಷಕ್ಕೊಂದು ದಿನ ಸಾರಿದರೆ ಸಾಕೇ? ಮಿಕ್ಕ ದಿನ ಮಕ್ಕಳು ನಿಂತುಕೊಂಡೇ ಉಣ್ಣಬೇಕೇ?

'ಮಠಕ್ಕೆ ಭಕ್ತರಿದ್ದಾರೆ, ಶಾಲೆಗೆ ಯಾರಿದ್ದಾರೆ?' ಎಂದು ಕೇಳುವವರಿದ್ದಾರೆ. ನಿಜವೇ. ಆದರೆ ಸಾಲಾಗಿ ಕೂರಿಸಲು ಭಕ್ತರು ಬೇಕಿಲ್ಲ. ನೆರಳಿರುವ ಒಂದು ಜಗಲಿ, ಗುಡಿಸಿದ ನೆಲ, ಸರಿಯಾದ ಬಿಡುವು ಸಾಕು. ಕೂತು ನಿಧಾನವಾಗಿ ಉಂಡ ಮಗು ತರಕಾರಿಯನ್ನು ಬದಿಗೆ ತಳ್ಳುವುದು ಕಡಿಮೆ. ಸಣ್ಣಗೆ ಹೆಚ್ಚಿ ಬೇಳೆಯೊಡನೆ ಬೇಯಿಸಿದರೆ ಇನ್ನೂ ಕಡಿಮೆ. ಎರಡನೇ ಸಲ ಕೇಳಲು ನಾಚುವ ಮಗುವಿನ ಹತ್ತಿರ ಬಡಿಸುವವರೇ ಹೋಗಿ 'ಇನ್ನೊಂದ್ ಸೌಟು ಹಾಕ್ಲಾ ಕಂದ?' ಅಂದರೆ ಅದೇ ದೊಡ್ಡ ಟಾನಿಕ್ಕು.

ಕೊನೆಗೊಂದು ಮಾತು ಸಾಹೇಬರುಗಳಿಗೆ. ತುಮಕೂರು, ಮಧುಗಿರಿ ಎಂದು ಎರಡು ಶೈಕ್ಷಣಿಕ ಜಿಲ್ಲೆ ಮಾಡಿ ಅಧಿಕಾರಿಗಳೂ ಎರಡು ಪಟ್ಟಾಗಿದ್ದಾರೆ. ಜೀಪುಗಳಿಗೂ ಕೊರತೆಯಿಲ್ಲ. ತಿಂಗಳಿಗೊಂದು ದಿನ, ಮೊದಲೇ ಫೋನು ಮಾಡದೆ, ಒಂದು ಶಾಲೆಗೆ ಹೋಗಿ ಸಾಲಿನ ಕೊನೆಯಲ್ಲಿ, ಒಂದನೇ ಕ್ಲಾಸಿನ ಮಗುವಿನ ಹಿಂದೆ ತಟ್ಟೆ ಹಿಡಿದು ನಿಲ್ಲಲಿ. ಆಫೀಸ್ ರೂಮಿಗೆ ಬೇರೆ ಕ್ಯಾರಿಯರ್ ತರಿಸುವುದು ಬೇಡ. ತಟ್ಟೆಗೆ ಬಿದ್ದದ್ದನ್ನು ಪೂರ್ತಿ ಉಂಡು, ತಟ್ಟೆ ತೊಳೆಯಲು ನಲ್ಲಿ ಎಲ್ಲಿದೆ ಎಂದು ಹುಡುಕಲಿ.

ನಲ್ಲಿ ಸಿಕ್ಕರೆ ಸಂತೋಷ. ಸಿಗದಿದ್ದರೆ, ವರದಿ ಬರೆಯಲು ಬೇರೆ ವಿಷಯ ಹುಡುಕಬೇಕಾಗಿಲ್ಲ.