ಟೋಕನ್ ಮಾರುವವರು ಮೊದಲು ಹಕ್ಕಿನ ಕಾಗದ ತೋರಿಸಲಿ

ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿ ತಾಳವಾಡಿಯ ಕಡೆಗೆ ಹೊರಟರೆ ದೊಡ್ಡಗಾಜನೂರು ಸಿಗುತ್ತದೆ. ಅದು ರಾಜ್‌ಕುಮಾರ್ ಅವರ ಊರು. ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿಯೂ ಕನ್ನಡವನ್ನು ಉಳಿಸಿಕೊಂಡಿರುವ ಈ ಬೆಟ್ಟಸೀಮೆ ಕೊಟ್ಟ ನಟನ ಯಾವುದೋ ಚಿತ್ರದ ಒಂದು ದೃಶ್ಯವನ್ನು ನಾಳೆ ಯಾರಾದರೂ ಎನ್‌ಎಫ್‌ಟಿ ಎಂಬ ಡಿಜಿಟಲ್ ಟೋಕನ್ ಆಗಿ ಹರಾಜಿಗಿಟ್ಟರೆ, ದುಡ್ಡು ಕೊಟ್ಟ ಅಭಿಮಾನಿಯ ಕೈಗೆ ಬರುವುದೇನು? ಬ್ಲಾಕ್‌ಚೈನ್ ಎಂಬ ಅಳಿಸಲಾಗದ ಡಿಜಿಟಲ್ ಕಡತದಲ್ಲಿ ಅವನ ಹೆಸರಿಗೊಂದು ದಾಖಲೆ. ಬಹಳಷ್ಟು ಸಲ ಆ ದಾಖಲೆಯಲ್ಲಿ ಚಿತ್ರವೂ ಇರುವುದಿಲ್ಲ, ಚಿತ್ರ ಎಲ್ಲಿದೆ ಎಂಬ ಕೊಂಡಿಯಷ್ಟೇ ಇರುತ್ತದೆ. ಕೃತಿಸ್ವಾಮ್ಯವಂತೂ ತಾನಾಗಿ ಅದರ ಜೊತೆ ಬರುವುದಿಲ್ಲ. ಆದ್ದರಿಂದ ಹಕ್ಕಿನ ಕಾಗದ ತೋರಿಸದೆ ಟೋಕನ್ ಮಾರಲು ಯಾವ ಮಾರುಕಟ್ಟೆಯೂ ಬಿಡಬಾರದು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹಕ್ಕು ಕೈ ಬದಲಾಗಬೇಕಾದರೆ ಕೊಡುವವರ ಸಹಿಯುಳ್ಳ ಬರಹ ಬೇಕು. ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದೂ ಅದು ನಿಗದಿ ಮಾಡಿದೆ. ಜಗತ್ತಿಗೆಲ್ಲ ತೆರೆದ ಅಂಗಡಿಯಲ್ಲಿ, ಶಾಶ್ವತವೆಂದು ಹೊಗಳಿ ಮಾರುವ ಸರಕಿನ ಹಿಂದಿರುವ ಹಕ್ಕು ಹೀಗೆ ಐದೇ ವರ್ಷಕ್ಕೆ, ಒಂದೇ ದೇಶಕ್ಕೆ ಸೀಮಿತವಾಗಿಬಿಡಬಹುದು. ಟೋಕನ್ ಮರುಮಾರಾಟವಾಗಿ ಮೂರನೆಯವರ ಕೈ ಸೇರುವ ಹೊತ್ತಿಗೆ ಕಲಾವಿದರ ಸಹಿಯ ಸುಳಿವೂ ಇರುವುದಿಲ್ಲ.

ಕನ್ನಡ ಸಿನಿಮಾದ ಮಟ್ಟಿಗೆ ಇದು ಇನ್ನಷ್ಟು ಸಿಕ್ಕು. ನಮ್ಮ ಕಾನೂನಿನಲ್ಲಿ ಚಿತ್ರದ ಕೃತಿಸ್ವಾಮ್ಯ ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ. 1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ರ ಕೊನೆಗೇ ಮುಗಿಯಿತು. ಅದರ ದೃಶ್ಯದ ಮೇಲೆ ಟೋಕನ್ ಮಾಡಿ ‘ಇದು ನನ್ನೊಬ್ಬನದು’ ಎಂದು ಮಾರುವವರು ಎಲ್ಲರ ಸ್ವತ್ತನ್ನು ಮಾರುತ್ತಿದ್ದಾರೆ. 1972ರ ‘ಬಂಗಾರದ ಮನುಷ್ಯ’ಕ್ಕೆ 2032ರವರೆಗೆ ರಕ್ಷಣೆಯಿದೆ. ಕಥೆ ಮತ್ತು ಹಾಡುಗಳ ಲೆಕ್ಕ ಬೇರೆ: ಬರೆದವರು ತೀರಿಕೊಂಡ ಮೇಲೂ 60 ವರ್ಷ. 2012ರ ತಿದ್ದುಪಡಿ ಇನ್ನೊಂದು ಮುಖ್ಯ ಮಾತು ಸೇರಿಸಿತು. ಒಪ್ಪಂದವಾದಾಗ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ ಆ ಒಪ್ಪಂದ ಅನ್ವಯಿಸಬೇಕಾದರೆ ಅದರ ಹೆಸರು ಅಲ್ಲಿ ನಿರ್ದಿಷ್ಟವಾಗಿ ಇರಲೇಬೇಕು. 2013ರಲ್ಲಿ ಸಹಿ ಹಾಕಿದ ಗೀತರಚನಕಾರರು ಟೋಕನ್ನಿಗೆ ಒಪ್ಪಿದ್ದರೆಂದು ಯಾವ ನಿರ್ಮಾಪಕರೂ ಊಹಿಸಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ ‘ಪಲ್ಪ್ ಫಿಕ್ಷನ್’ ಚಿತ್ರಕಥೆಯ ಹಾಳೆಗಳನ್ನು ಟೋಕನ್ ಮಾಡಲು ಹೊರಟ ನಿರ್ದೇಶಕ ಟ್ಯಾರಂಟಿನೊ ಮೇಲೆ ಚಿತ್ರಸಂಸ್ಥೆ ಮಿರಾಮ್ಯಾಕ್ಸ್ 2021ರಲ್ಲಿ ದಾವೆ ಹೂಡಿದ್ದು ಹಳೆಯ ಒಪ್ಪಂದದ ಪ್ರಕಾರ ಟೋಕನ್ ಮಾಡುವ ಹಕ್ಕು ಯಾರದೆಂಬ ತಕರಾರಿನಿಂದಲೇ. ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು, ಪ್ರಶ್ನೆ ಹಾಗೆಯೇ ಉಳಿಯಿತು.

ಪ್ರತಿ ಮರುಮಾರಾಟದಲ್ಲೂ ಕಲಾವಿದರಿಗೆ ತಾನಾಗಿ ಪಾಲು ಬರುತ್ತದಲ್ಲ, ಕಾಗದವೇಕೆ ಎಂದು ಕೇಳುವವರಿದ್ದಾರೆ. ಆ ಪಾಲು ಮಾರುಕಟ್ಟೆಯ ಮರ್ಜಿಯಲ್ಲಿತ್ತು. 2023ರಲ್ಲಿ ಎನ್‌ಎಫ್‌ಟಿ ಮಾರುಕಟ್ಟೆಯಾದ ಓಪನ್‌ಸೀ ಅದನ್ನು ಕಡ್ಡಾಯದಿಂದ ಐಚ್ಛಿಕಕ್ಕೆ ಇಳಿಸಿತು. ಎನ್‌ಎಫ್‌ಟಿ ಭರಾಟೆಯೇ ತಣ್ಣಗಾಗಿದೆ, ಈಗೇಕೆ ಈ ಚಿಂತೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಬೆಲೆ ಬಿದ್ದರೂ ದಾಖಲೆ ಅಳಿಯುವುದಿಲ್ಲ. ಮಾರುಕಟ್ಟೆ ಪಟ್ಟಿಯಿಂದ ತೆಗೆಯಬಹುದು, ಬ್ಲಾಕ್‌ಚೈನ್‌ನಿಂದ ಕೀಳಲಾಗದು. ಇಂಥ ಆಸ್ತಿಯ ಲಾಭಕ್ಕೆ 2022ರಿಂದ ಶೇ 30 ತೆರಿಗೆ ಹಾಕುತ್ತಿರುವ ಸರ್ಕಾರ, ಅದು ಯಾರ ಸ್ವತ್ತೆಂದು ಮಾರುವ ಮುನ್ನ ಕೇಳುವ ವ್ಯವಸ್ಥೆ ಮಾಡಿಲ್ಲ.

ನಟರಿಗೆ, ನಿರ್ಮಾಪಕರಿಗೆ ವಕೀಲರಿದ್ದಾರೆ. ತಾಳವಾಡಿಯ ಇದೇ ಬೆಟ್ಟಗಳ ಸೋಲಿಗ ಬುಡಕಟ್ಟಿನವರಿಗೆ ಇಲ್ಲ. ಪರಂಪರೆಯ ಹಾಡಿಗೆ ಕರ್ತೃವಿಲ್ಲ, ಯಾರು ಬೇಕಾದರೂ ಬಳಸಬಹುದು ಎಂಬ ವಾದ ಅರ್ಧ ಮಾತ್ರ ನಿಜ. ಹಾಡು ಎಲ್ಲರದಾದರೂ ಹಾಡಿದ ದನಿ ಹಾಡಿದವರದು. ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮು ಹಾಡಿದ ಸೋಲಿಗ ಗಾಯಕಿಗೆ ಪ್ರದರ್ಶಕಿಯಾಗಿ 50 ವರ್ಷಗಳ ಹಕ್ಕು ಕೊಟ್ಟಿದೆ, 38ಬಿ ತನ್ನ ಹೆಸರು ಹೇಳಬೇಕೆಂದು ಕೇಳುವ ಹಕ್ಕನ್ನೂ ಕೊಟ್ಟಿದೆ. ಧ್ವನಿಮುದ್ರಣಕ್ಕೆ ಬರುವ ಸಂಶೋಧಕರು, ಸಂಸ್ಥೆಗಳು ಸಹಿ ಹಾಕಿಸಿಕೊಳ್ಳುವ ಒಪ್ಪಿಗೆಪತ್ರ ಕನ್ನಡದಲ್ಲಿರಬೇಕು, ಅದನ್ನು ಓದಿ ಹೇಳಬೇಕು, ಟೋಕನ್ ಮಾಡಬಹುದೇ ಬೇಡವೇ ಎಂಬುದು ಅದರಲ್ಲಿ ಪ್ರತ್ಯೇಕ ಸಾಲಾಗಿರಬೇಕು. ಬೇಡ ಎಂದವರ ದನಿಯನ್ನು ಯಾವ ಮಾರುಕಟ್ಟೆಯೂ ಪಟ್ಟಿಗೆ ಸೇರಿಸಕೂಡದು.