ಮೇಲ್ಮನವಿ: ಕಾಲಮಿತಿ ಮತ್ತು ಕಾರ್ಯವಿಧಾನದಲ್ಲಿನ ಇತ್ತೀಚಿನ ಬೆಳವಣಿಗೆಗಳು

(ಬೆಳಗಾವಿ ನಗರದ ಶಹಾಪುರ ಭಾಗ ಹಾಗೂ ಖಾನಾಪುರ ತಾಲ್ಲೂಕಿನ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಆದೇಶವು ತಮಗೆ ವಿರುದ್ಧವಾದಾಗ ಅನೇಕರು ಮೊದಲು ಕಚೇರಿಯಿಂದ ಕಚೇರಿಗೆ ಮನವಿ ಸಲ್ಲಿಸುತ್ತಾರೆ. ಮನವಿಗೆ ಉತ್ತರ ಬರುವಷ್ಟರಲ್ಲಿ ಮೇಲ್ಮನವಿಯ ಅವಧಿ ಮುಗಿದಿರುತ್ತದೆ. ಸಾಮಾನ್ಯ ಮನವಿಯು ಮೇಲ್ಮನವಿಯಲ್ಲ. ಅದರಿಂದ ಕಾಲಮಿತಿಯೂ ವಿಸ್ತರಣೆಯಾಗುವುದಿಲ್ಲ. ಈ ಹಿನ್ನೆಲೆಯಲ್ಲಿ ಪ್ರಚಲಿತ ಸ್ಥಿತಿಯನ್ನು ಇಲ್ಲಿ ವಿವರಿಸಲಾಗಿದೆ.

2. ಧಾರವಾಡ ಪೀಠ

2008ರ ಜುಲೈಗೆ ಮುನ್ನ ಬೆಳಗಾವಿ ಜಿಲ್ಲೆಯ ಕಕ್ಷಿದಾರರು ಉಚ್ಚ ನ್ಯಾಯಾಲಯದ ಕೆಲಸಕ್ಕಾಗಿ ಸುಮಾರು 500 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕಾಗಿತ್ತು. ಆ ತಿಂಗಳು ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಯಿತು. 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು. ಬೆಳಗಾವಿ ಜಿಲ್ಲೆಯು ಈ ಪೀಠದ ವ್ಯಾಪ್ತಿಗೆ ಸೇರಿದೆ. ಉಚ್ಚ ನ್ಯಾಯಾಲಯದ ಕಲಾಪಗಳ ನೇರ ಪ್ರಸಾರದ ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದಿವೆ. ಪ್ರಕರಣದ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆಯಿಂದ ಮುಂದಿನ ದಿನಾಂಕವನ್ನು ಮನೆಯಿಂದಲೇ ಇ-ಕೋರ್ಟ್ಸ್ ಜಾಲತಾಣದಲ್ಲಿ ತಿಳಿಯಬಹುದು.

3. ಎಷ್ಟು ದಿನಗಳೊಳಗೆ?

ಅ) ಸಿವಿಲ್ ತೀರ್ಪಿನ ಮೇಲ್ಮನವಿ: ಜಿಲ್ಲಾ ಹಂತದ ನ್ಯಾಯಾಲಯಕ್ಕೆ 30 ದಿನ, ಉಚ್ಚ ನ್ಯಾಯಾಲಯಕ್ಕೆ 90 ದಿನ (ಕಾಲಮಿತಿ ಅಧಿನಿಯಮ, 1963). ಯಾವ ನ್ಯಾಯಾಲಯಕ್ಕೆ ಸಲ್ಲಿಸಬೇಕೆಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ದೃಢೀಕೃತ ನಕಲು ಪಡೆಯಲು ಅಗತ್ಯವಾದ ಸಮಯವನ್ನು ಲೆಕ್ಕದಿಂದ ಬಿಡಲಾಗುತ್ತದೆ. ಆದುದರಿಂದ ನಕಲಿನ ಅರ್ಜಿಯನ್ನು ತಡಮಾಡದೆ ಸಲ್ಲಿಸತಕ್ಕದ್ದು.

ಆ) ಹಕ್ಕು ಬದಲಾವಣೆ (ಮ್ಯುಟೇಷನ್) ಆದೇಶ: ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 136(2)ರ ಮೇರೆಗೆ ಉಪವಿಭಾಗಾಧಿಕಾರಿಗಳಿಗೆ 60 ದಿನಗಳೊಳಗೆ. ಆದೇಶ ತಲುಪಿದ ದಿನದಿಂದ ಅಥವಾ ದೃಢೀಕರಿಸಿದ ನಮೂದು ತಿಳಿದುಬಂದ ದಿನದಿಂದ ಈ ಅವಧಿ ಎಣಿಕೆಯಾಗುತ್ತದೆ. ನಂತರ ಕಲಂ 136(3)ರಡಿ ಜಿಲ್ಲಾಧಿಕಾರಿಗಳ ಮುಂದೆ ಪುನರ್‌ಪರಿಶೀಲನೆಗೆ ಅವಕಾಶವಿದೆ.

ಇ) ಮಾಹಿತಿ ಹಕ್ಕು ಅಧಿನಿಯಮ, 2005: ಮೊದಲ ಮೇಲ್ಮನವಿಗೆ 30 ದಿನ, ಎರಡನೆಯದಕ್ಕೆ 90 ದಿನ.

ಉದಾಹರಣೆಗೆ, ಖಾನಾಪುರ ತಾಲ್ಲೂಕಿನ ಗ್ರಾಮವೊಂದರಲ್ಲಿ ತಂದೆಯ ಮರಣಾನಂತರ ವಾರಸಾ ದಾಖಲಾಗುವಾಗ ಶಹಾಪುರದಲ್ಲಿ ನೆಲೆಸಿರುವ ಮಗಳ ಹೆಸರು ಬಿಟ್ಟುಹೋಗಿದೆ ಎಂದುಕೊಳ್ಳೋಣ. ಉತಾರ ತೆಗೆಸಿದ ದಿನ ಆಕೆಗೆ ವಿಷಯ ತಿಳಿದರೆ, ಆ ದಿನವನ್ನು ತೋರಿಸುವ ದಾಖಲೆಯನ್ನು ಆಕೆ ಜೋಪಾನವಾಗಿ ಇಟ್ಟುಕೊಳ್ಳಬೇಕು. ತಿಳಿದ ಮೇಲೂ ಸುಮ್ಮನಿದ್ದರೆ ಆ ದಾಖಲೆಯೇ ಆಕೆಗೆ ವಿರುದ್ಧವಾಗುತ್ತದೆ. ಅಲ್ಲದೆ ಕಂದಾಯ ಪ್ರಾಧಿಕಾರಗಳು ಒಡೆತನವನ್ನು ಅಂತಿಮವಾಗಿ ನಿರ್ಧರಿಸುವುದಿಲ್ಲ. ಹಕ್ಕಿನ ಘೋಷಣೆಗೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು.

4. ವಿಳಂಬ ಮನ್ನಾ: ಬದಲಾದ ಧೋರಣೆ

ಕೋವಿಡ್ ಕಾರಣ 15-03-2020ರಿಂದ 28-02-2022ರವರೆಗಿನ ಅವಧಿಯನ್ನು ಸರ್ವೋಚ್ಚ ನ್ಯಾಯಾಲಯವು ಕಾಲಮಿತಿಯ ಲೆಕ್ಕದಿಂದ ಹೊರತುಪಡಿಸಿತ್ತು. ಆ ವಿನಾಯಿತಿ ಈಗ ಮುಗಿದಿದೆ. ಇದೀಗ ಧೋರಣೆ ಬಿಗಿಯಾಗಿದೆ. ಕರ್ನಾಟಕ ಗೃಹ ಮಂಡಳಿಯ ಎರಡನೇ ಮೇಲ್ಮನವಿಯಲ್ಲಿನ 3966 ದಿನಗಳ ವಿಳಂಬವನ್ನು ಉಚ್ಚ ನ್ಯಾಯಾಲಯವು ಮನ್ನಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು. ಸರ್ಕಾರಿ ಸಂಸ್ಥೆಯ ಆಡಳಿತಾತ್ಮಕ ನಿಧಾನವು ಸಾಕಷ್ಟು ಕಾರಣವಾಗದು, ಕಾಲಮಿತಿ ಆರಂಭವಾದಂದಿನಿಂದ ಮೇಲ್ಮನವಿ ಸಲ್ಲಿಸುವವರೆಗಿನ ಅವಧಿಗೆ ವಿವರಣೆ ಬೇಕು ಎಂಬುದು ಇದರ ಸಾರ.

ಇದರ ಪರಿಣಾಮ ಎರಡು ಬಗೆಯದು. ಗೆದ್ದ ನಾಗರಿಕನನ್ನು ವರ್ಷಗಳ ನಂತರ ಇಲಾಖೆಯು ಮತ್ತೆ ನ್ಯಾಯಾಲಯಕ್ಕೆ ಎಳೆಯುವುದು ಕಷ್ಟವಾಗಿದೆ. ಅಂತೆಯೇ, ಸರ್ಕಾರಕ್ಕೇ ಸಿಗದ ರಿಯಾಯಿತಿಯನ್ನು ತಾನು ಸುಲಭವಾಗಿ ಪಡೆಯಬಹುದೆಂದು ನಾಗರಿಕನೂ ಭಾವಿಸುವಂತಿಲ್ಲ. ಅನಾರೋಗ್ಯವಿದ್ದಲ್ಲಿ ವೈದ್ಯಕೀಯ ದಾಖಲೆ, ಆದೇಶ ತಡವಾಗಿ ತಲುಪಿದ್ದಲ್ಲಿ ಅಂಚೆ ಲಕೋಟೆ, ಹೀಗೆ ಪ್ರತಿಯೊಂದು ಕಾರಣಕ್ಕೂ ಪುರಾವೆಯನ್ನು ಪ್ರಮಾಣಪತ್ರದೊಂದಿಗೆ ಲಗತ್ತಿಸುವುದು ಅವಶ್ಯಕ.

5. ಗಮನಿಸಬೇಕಾದ ಅಂಶಗಳು

• ಸಿವಿಲ್ ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಕೆಳ ನ್ಯಾಯಾಲಯದ ಡಿಕ್ರಿಗೆ ತಡೆಯಾಜ್ಞೆ ದೊರೆಯುವುದಿಲ್ಲ. ಅದಕ್ಕೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು.
• ಎರಡನೇ ಸಿವಿಲ್ ಮೇಲ್ಮನವಿಯು ಮಹತ್ವದ ಕಾನೂನು ಪ್ರಶ್ನೆ ಇದ್ದಲ್ಲಿ ಮಾತ್ರ ಊರ್ಜಿತವಾಗುತ್ತದೆ. ಸಾಕ್ಷ್ಯವನ್ನು ಮೊದಲ ಹಂತದಲ್ಲೇ ಪೂರ್ಣವಾಗಿ ಹಾಜರುಪಡಿಸಬೇಕು.
• ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ: 15100.

6. ಸೂಚನೆ

ಆದೇಶ ಕೈಸೇರಿದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟುಕೊಂಡು, ಅದೇ ವಾರದಲ್ಲಿ ವಕೀಲರನ್ನು ಅಥವಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಲು ಸಾರ್ವಜನಿಕರನ್ನು ಕೋರಲಾಗಿದೆ. ಇದು ಸಾಮಾನ್ಯ ಮಾಹಿತಿಯಾಗಿದ್ದು, ಕಾನೂನು ಸಲಹೆಗೆ ಪರ್ಯಾಯವಲ್ಲ.